ಕೀಲೆಣ್ಣೆ ಬೇಡದ ಗಾಡಿ

ನಮ್ಮ ಮನೆಯ ಗೇಟು ಕಿರುಗುಟ್ಟುತ್ತದೆ. ತೆಗೆಯುವಾಗ ಒಂದು ರಾಗ, ಹಾಕುವಾಗ ಇನ್ನೊಂದು. ಹಾಲಿನವನು ಬಂದರೆ ಚುಟುಕಾಗಿ ಒಮ್ಮೆ ಅನ್ನುತ್ತದೆ, ನಮ್ಮ ಯಜಮಾನರು ಬಂದರೆ ಉದ್ದಕ್ಕೆ ಎಳೆಯುತ್ತದೆ. ಎದುರುಮನೆಯ ಮೇಷ್ಟ್ರ ಹೆಂಡತಿ ಆಗಾಗ, "ಒಂದು ಹನಿ ಎಣ್ಣೆ ಬಿಡ್ರೀ ಸುಮಂಗಲಕ್ಕ, ನಿಮಗೆ ಪುಣ್ಯ ಬರ್ತದೆ" ಅನ್ನುತ್ತಾರೆ. "ಬಿಡೋಣ್ರೀ, ಅದಕ್ಕೇನು" ಅನ್ನುತ್ತೇನೆ. ಬಿಡುವುದಿಲ್ಲ. ಒಮ್ಮೆ ಬಣ್ಣ ಹೊಡೆಯಲು ಬಂದವನು ನನ್ನನ್ನು ಕೇಳದೆ ಎಣ್ಣೆ ಡಬ್ಬಿ ತೆಗೆದಾಗ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಓಡಿದ್ದೆ. ಪಾಪ, ಅವನು ಹೆದರಿ ಡಬ್ಬಿ ಮುಚ್ಚಿಬಿಟ್ಟ.

ಇವಳೆಂಥ ಜಿಪುಣಿ, ಒಂದು ಹನಿ ಎಣ್ಣೆಗೂ ಹಿಂದೆಮುಂದೆ ನೋಡುತ್ತಾಳಲ್ಲ ಎಂದು ನೀವು ಅಂದುಕೊಂಡಿರಬೇಕು. ಜಿಪುಣತನ ನಮ್ಮ ಮನೆಯಲ್ಲಿ ಇದ್ದದ್ದು ನಿಜ. ಆದರೆ ಅದು ನನ್ನ ತವರಿನಿಂದ ತಂದದ್ದಲ್ಲ, ಶಿಕಾರಿಪುರದ ನಮ್ಮ ಮಾವನವರ ಸ್ವಯಾರ್ಜಿತ ಆಸ್ತಿ. ಅವರ ಜಿಪುಣತನವಾದರೂ ಎಲ್ಲದರಲ್ಲಿ ಇರಲಿಲ್ಲ. ಊಟಕ್ಕೆ ಬಂದವರಿಗೆ ನಾನು ಎರಡನೇ ಹೋಳಿಗೆ ಹಾಕುವುದು ಮರೆತರೆ ಸಿಟ್ಟಾಗುತ್ತಿದ್ದರು. ಮದುವೆ ಮುಂಜಿಗೆ ತಮ್ಮ ಪಾತ್ರೆ ಅಂಗಡಿಯಿಂದ ಕೊಡುತ್ತಿದ್ದ ಉಡುಗೊರೆ ಎರಡು ಕೈಯಲ್ಲಿ ಎತ್ತುವಂಥದ್ದೇ ಆಗಬೇಕಿತ್ತು. ಆದರೆ ಮಕ್ಕಳ ಆಟದ ಸಾಮಾನು ಅಂದರೆ ಸಾಕು, ಮುಖ ಗಂಟಿಕ್ಕಿಕೊಂಡುಬಿಡುತ್ತಿತ್ತು.

"ಆಡೋ ಮಗೂಗೆ ಆಟದ ಸಾಮಾನು ಯಾಕವಾ?" ಅನ್ನುತ್ತಿದ್ದರು. "ಆಡಾಕೆ ಬರದ ದೊಡ್ಡೋರಿಗೆ ಬೇಕು ಅವು."

ನಾನು ಸೊರಬದ ಕಡೆಯ ಜಡೆ ಎಂಬ ಊರಿನವಳು. ಮಾತಿಗೆ ಮಾತು ಕೊಡದೆ ಉಂಡ ಅನ್ನ ಅರಗದ ಜಾತಿ. ಆದರೆ ಈ ಒಂದು ವಿಷಯದಲ್ಲಿ ಮಾವನವರ ಕೈಗೆ ದೊಡ್ಡ ಸಾಕ್ಷಿಯನ್ನು ಕೊಟ್ಟವನು ನನ್ನ ಸ್ವಂತ ತಮ್ಮ ಮಂಜು. ಮಗಳು ಪಲ್ಲವಿ ಹುಟ್ಟಿದಾಗ, ತೊಂಬತ್ತರ ದಶಕದ ಮಾತು, ಅವಳ ನಾಮಕರಣಕ್ಕೆ ಅವನು ಶಿವಮೊಗ್ಗದಿಂದ ಒಂದು ಕೋತಿ ತಂದಿದ್ದ. ಕೀಲಿ ತಿರುಗಿಸಿದರೆ ಎರಡೂ ಕೈಯಲ್ಲಿ ಡ್ರಮ್ಮು ಬಾರಿಸುವ ಕೋತಿ. ನಾಮಕರಣಕ್ಕೆ ಬಂದ ಗಂಡಸರೆಲ್ಲ ಸರದಿಯ ಮೇಲೆ ಕೀಲಿ ತಿರುಗಿಸಿ ನೋಡಿದರು. ಪಲ್ಲವಿ ಕೂರಲು ಕಲಿತ ಮೇಲೆ ಕೋತಿಯನ್ನು ಅವಳ ಮುಂದೆ ಇಟ್ಟೆವು. ಅವಳು ಕೋತಿಯನ್ನು ಪಕ್ಕಕ್ಕೆ ತಳ್ಳಿ ಅದು ಬಂದಿದ್ದ ರಟ್ಟಿನ ಡಬ್ಬಿಯನ್ನು ಅಪ್ಪಿಕೊಂಡಳು. ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ತಲೆಗೆ ಇಟ್ಟುಕೊಂಡಳು, ಕಡೆಗೆ ಒಂದು ಮೂಲೆ ಕಚ್ಚಿ ತಿಂದಳು. ಮಾವನವರು ನನ್ನ ಕಡೆ ನೋಡಿ ಮೀಸೆಯಲ್ಲಿ ನಕ್ಕರು. ಕೋತಿ ಷೋಕೇಸಿಗೆ ಹೋಯಿತು. ಆ ಕಾಲದಲ್ಲಿ ಷೋಕೇಸು ಇರುತ್ತಿದ್ದದ್ದೇ ಮಕ್ಕಳಿಂದ ಆಟದ ಸಾಮಾನು ಕಾಪಾಡಲು ಅಲ್ಲವೇ. ಅದರ ಕೀಲಿ ಭದ್ರವಾಗಿರಲೆಂದು ಮಾವನವರು ತೆಗೆದು ಅಂಗಡಿಯ ಗಲ್ಲಾದಲ್ಲಿಟ್ಟರು. ಆ ಕೋತಿ ಇವತ್ತಿಗೂ ಎರಡೂ ಕೈ ಎತ್ತಿಕೊಂಡು ಗಾಜಿನ ಹಿಂದೆ ನಿಂತಿದೆ.

ಹಾಗಂತ ಪಲ್ಲವಿ ಆಟದ ಸಾಮಾನಿಲ್ಲದೆ ಬೆಳೆದಳು ಅಂದುಕೊಳ್ಳಬೇಡಿ. ಪಾತ್ರೆ ಅಂಗಡಿಯ ಮೊಮ್ಮಗಳಿಗೆ ಏನು ಕಡಿಮೆ? ನೆಗ್ಗಿದ ಲೋಟ, ಜೋಡಿ ತಪ್ಪಿದ ಮುಚ್ಚಳ, ಹಿಡಿ ಸಡಿಲಾದ ಸೌಟು, ಯಾರೂ ಕೊಳ್ಳದ ಪುಟಾಣಿ ಕೊಳದಪ್ಪಲೆ, ಎಲ್ಲ ಅವಳವೇ. ಅದಕ್ಕಿಂತ ಹೆಚ್ಚಾಗಿ ಮಾವನವರ ಗಿಲಕಿಗಳು. ಮನೆಯಲ್ಲಿ ಪೌಡರ್ ಡಬ್ಬಿ ಖಾಲಿಯಾಗುವುದನ್ನೇ ಕಾಯುತ್ತಿದ್ದರು. ಒಂದಕ್ಕೆ ಹುಣಸೆಬೀಜ, ಒಂದಕ್ಕೆ ಅಕ್ಕಿ, ಒಂದಕ್ಕೆ ರಾಗಿ ತುಂಬಿ, ಬಾಯಿಗೆ ಬಟ್ಟೆ ಸುತ್ತಿ ದಾರ ಬಿಗಿಯುತ್ತಿದ್ದರು. ಹುಣಸೆಬೀಜದ ಡಬ್ಬಿ ಮಗು ಅಳುವಾಗ, ಅಕ್ಕಿಯದು ಉಣ್ಣಿಸುವಾಗ, ರಾಗಿಯದು ಮಲಗಿಸುವಾಗ. ರಾಗಿ ಡಬ್ಬಿಯನ್ನು ಮೆಲ್ಲಗೆ ಒಂದು ಕಡೆ ವಾಲಿಸಿದರೆ ದೂರದಲ್ಲೆಲ್ಲೋ ಸೋನೆ ಮಳೆ ಹಿಡಿದ ಹಾಗೆ ಸದ್ದು ಬರುತ್ತಿತ್ತು.

ಅದನ್ನು ಪಲ್ಲವಿ ಕೇಳುತ್ತಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಕೈಕಾಲು ಆಡಿಸುವುದನ್ನು ನಿಲ್ಲಿಸಿ, ಉಸಿರನ್ನೂ ಹಿಡಿದುಕೊಂಡು, ಕಣ್ಣನ್ನು ಎಲ್ಲೋ ನೆಟ್ಟು, ಇಡೀ ಮೈಯನ್ನೇ ಕಿವಿ ಮಾಡಿಕೊಂಡು ಕೇಳುತ್ತಿದ್ದಳು. ನಾವು ದೊಡ್ಡವರು ಹಾಗೆ ಏನನ್ನಾದರೂ ಕೊನೆಯ ಸಲ ಕೇಳಿದ್ದು ಯಾವಾಗ? ನನಗೆ ಮೈ ಜುಮ್ ಅನ್ನುತ್ತಿತ್ತು. ಒಂದು ಹಿಡಿ ರಾಗಿಯಲ್ಲಿ ಅಂಥದ್ದು ಏನಿದೆ ಎಂದು, ಯಾರೂ ಇಲ್ಲದಾಗ ನಾನೂ ಆ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ನೋಡಿದ್ದುಂಟು. ಮಳೆಯೇನೋ ಕೇಳಿಸಿತು, ಆದರೆ ನಾನು ಅವಳಷ್ಟು ನೆನೆಯಲಿಲ್ಲ.

ನನ್ನ ತವರೂ ಆಟದ ಸಾಮಾನಿಗೆ ದುಡ್ಡು ಸುರಿದ ಮನೆಯಲ್ಲ. ಜಡೆಯಲ್ಲಿ ನಾನು, ದೊಡ್ಡಕ್ಕ, ಮಂಜು ಮೂವರೂ ತೆಂಗಿನಚಿಪ್ಪಿನ ತಕ್ಕಡಿಯಲ್ಲಿ ಮಣ್ಣು ತೂಗಿ ಸಕ್ಕರೆ ಅಂತ ಮಾರಿಕೊಂಡು ಬೆಳೆದವರು. ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದು ಗಾಲಿ ಮಾಡಿ ಮಂಜು ಬಸ್ಸು ಬಿಡುತ್ತಿದ್ದ. ಅವನ ಬಸ್ಸು ಸೊರಬಕ್ಕೆ ಮಾತ್ರ ಹೋಗುತ್ತಿತ್ತು, ಯಾಕೆಂದರೆ ಬೇರೆ ಊರನ್ನು ಅವನು ನೋಡಿರಲಿಲ್ಲ. ಒಮ್ಮೆ ಅಪ್ಪನ ಹೊಸ ಚಪ್ಪಲಿಯೇ ಬಸ್ಸಾಗಿ, ಕಂಡಕ್ಟರ್ ಆಗಿದ್ದ ನನಗೂ ಬೆನ್ನಿಗೆ ಎರಡು ಬಿದ್ದವು. ನಾನು ಟಿಕೆಟ್ ಹರಿದವಳಷ್ಟೆ ಅಂದರೂ ಅಪ್ಪ ಕೇಳಲಿಲ್ಲ.

ಆದರೆ ಆ ಮನೆಯಲ್ಲಿ ಒಂದು ನಿಜವಾದ ಆಟದ ಸಾಮಾನಿತ್ತು. ಮೂರು ಗಾಲಿಯ ಗಾಡಿ. ಮಕ್ಕಳು ನಡೆಯಲು ಕಲಿಯುವಾಗ ಹಿಡಿದು ತಳ್ಳುತ್ತಾರಲ್ಲ, ಅದೇ. ನನ್ನ ಅಜ್ಜ ಸೊರಬದ ಬಡಗಿಯೊಬ್ಬನಿಂದ ಹಲಸಿನ ಮರದಲ್ಲಿ ಮಾಡಿಸಿದ್ದು. ಕಬ್ಬಿಣದ ಒಂದು ಮೊಳೆಯೂ ಇಲ್ಲ, ಅಚ್ಚೂ ಮರ, ಗಾಲಿಯೂ ಮರ. ತಳ್ಳಿದರೆ ಕಿರ್ರ್, ಕಿರ್ರ್ ಅಂತ ಊರಿಗೆಲ್ಲ ಕೇಳುತ್ತಿತ್ತು. ಅಜ್ಜನ ಮಕ್ಕಳು, ಅವರ ಮಕ್ಕಳು, ಕೊಟ್ಟ ಮನೆಯ ಮಕ್ಕಳು, ಎಲ್ಲರೂ ಅದನ್ನೇ ಹಿಡಿದು ನಡೆದವರು. ಗಾಡಿ ಯಾರ ಮನೆಯದ್ದೂ ಅಲ್ಲ. ಯಾರ ಮನೆಯಲ್ಲಿ ಮಗು ಎದ್ದು ನಿಲ್ಲುತ್ತದೋ ಆ ಮನೆಗೆ ಬಸ್ಸಿನಲ್ಲಿ ಬರುತ್ತದೆ, ಮಗು ನಡೆದ ಮೇಲೆ ಮುಂದಿನ ಮನೆಗೆ ಹೋಗುತ್ತದೆ. ಹೋಗುವುದಕ್ಕೂ ಒಂದು ಕ್ರಮ ಇತ್ತು. ನಡೆಯಲು ಕಲಿತ ಮಗುವೇ ತನ್ನ ಕಾಲಮೇಲೆ ಹೋಗಿ ಮುಂದಿನ ಮಗುವಿಗೆ ಗಾಡಿ ಬಿಟ್ಟುಕೊಡಬೇಕು, ಆಮೇಲೆ ಎಲ್ಲರಿಗೂ ಮಂಡಕ್ಕಿ ಉಂಡೆ ಹಂಚಬೇಕು.

ಆ ಗಾಡಿಯ ಹಿಡಿಯ ಮೇಲೆ ಸಾಲಾಗಿ ಹಲ್ಲಿನ ಗುರುತುಗಳಿದ್ದವು. ಹಲ್ಲು ಬರುವ ವಯಸ್ಸೂ ನಡೆಯುವ ವಯಸ್ಸೂ ಒಂದೇ ಆದ್ದರಿಂದ ಎಲ್ಲ ಮಕ್ಕಳೂ ಹಿಡಿಯನ್ನು ಒಮ್ಮೆ ಕಚ್ಚಿಯೇ ಮುಂದೆ ಹೋಗಿದ್ದವು. "ಇದು ನನ್ನ ಹಲ್ಲು" ಅಂತ ಒಂದೇ ಗುರುತಿಗೆ ನಾನು, ದೊಡ್ಡಕ್ಕ ಇಬ್ಬರೂ ಜಗಳವಾಡುತ್ತಿದ್ದೆವು. ಅಪ್ಪ ಆ ಗುರುತಿನ ಮೇಲೆ ಹೆಬ್ಬೆರಳಾಡಿಸಿ, "ನನ್ನದೂ ಇದರಾಗೇ ಎಲ್ಲೋ ಇರ್ಬೇಕು" ಅಂದಾಗ ಮಾತ್ರ ನಮಗೆ ಜಗಳ ಮರೆತುಹೋಗಿತ್ತು. ಮೀಸೆ ಹೊತ್ತ ಅಪ್ಪನೂ ಇದನ್ನು ಹಿಡಿದು ತಟಪಟ ಅಂತ ನಡೆದಿದ್ದನೇ? ನನಗಂತೂ ಅದು ನಂಬುವ ಮಾತಾಗಿರಲಿಲ್ಲ.

ಪಲ್ಲವಿಗೆ ವರ್ಷ ತುಂಬುವ ಹೊತ್ತಿಗೆ ಗಾಡಿ ಕುಬಟೂರಿನ ದೊಡ್ಡಕ್ಕನ ಮನೆಯಿಂದ ಶಿಕಾರಿಪುರಕ್ಕೆ ಬಂತು. ಮಾವನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ನನ್ನ ತವರಿನಿಂದ ಬಂದ ಸಾಮಾನುಗಳಲ್ಲಿ ಅವರು ಮನಸಾರೆ ಮೆಚ್ಚಿದ್ದು ಅದೊಂದನ್ನೇ. "ನೋಡವಾ, ಇದಕ್ಕಂತಾರೆ ಸಾಮಾನು. ಒಂದು ಸಲ ಮಾಡ್ಸಿ ಮೂರು ತಲೆಮಾರು ನಡೆಸ್ಯಾರೆ. ನಿಮ್ಮಜ್ಜ ಶಾಣ್ಯಾ" ಅಂದರು. ಕಾಣದ ನನ್ನ ಅಜ್ಜನಿಗೂ ಅವರಿಗೂ ಅವತ್ತಿನಿಂದ ಒಂದು ಸ್ನೇಹ ಬೆಳೆಯಿತು.

ಗಾಡಿ ಬಂದ ವಾರದಲ್ಲಿ ಪಲ್ಲವಿ ಅದನ್ನು ಹಿಡಿದು ಎದ್ದು ನಿಂತಳು. ಆಮೇಲೆ ತಳ್ಳಿದಳು. ಕಿರ್ರ್ ಅಂತು. ನಿಂತು ಕೇಳಿದಳು. ಮತ್ತೆ ತಳ್ಳಿದಳು. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಹೋಗುವುದು, ಗೋಡೆಗೆ ಢೀ ಕೊಟ್ಟು ಅಲ್ಲೇ ನಿಂತು, ತಿರುಗಿಸಿ ಕೊಡಿ ಎಂದು ಅರಚುವುದು. ನಾನು ರೊಟ್ಟಿ ಬಡಿಯುತ್ತ ಒಳಗಿದ್ದರೂ ಅವಳು ಎಲ್ಲಿದ್ದಾಳೆ ಎಂದು ಕೂತಲ್ಲೇ ಗೊತ್ತಾಗುತ್ತಿತ್ತು. ಇನ್ನೇನು, ಇವತ್ತೋ ನಾಳೆಯೋ ಗಾಡಿ ಬಿಟ್ಟು ನಡೆಯುತ್ತಾಳೆ ಅಂದುಕೊಂಡೆವು.

ಆಗ ಒಂದು ದಿನ ಮಾವನವರು ಅಂಗಡಿಯಿಂದ ಬೇಗ ಬಂದವರು ಹರಳೆಣ್ಣೆ ಕೇಳಿದರು. ಎಣ್ಣೆಯಲ್ಲಿ ಬಟ್ಟೆಯ ಬತ್ತಿ ಅದ್ದಿ, ಗಾಡಿಯನ್ನು ಬೋರಲು ಹಾಕಿಕೊಂಡು, ಮೂರೂ ಗಾಲಿಯ ಸಂದಿಗೆ ಹಿಂಡಿ ಹಿಂಡಿ ಬಿಟ್ಟರು. ಅಂಗಡಿ ಇಡುವುದಕ್ಕೆ ಮೊದಲು ಎತ್ತಿನ ಗಾಡಿ ಹೊಡೆದು ಬದುಕಿದ್ದ ಮನುಷ್ಯ. ಕೀಲೆಣ್ಣೆ ಕಾಣದ ಗಾಡಿ ಕಿರುಗುಟ್ಟಿಕೊಂಡು ಹೋದರೆ ಅವರ ಊರಿನಲ್ಲಿ ಗಾಡಿಯವನ ಮಾನ ಹೋದಂತೆಯೇ. "ಪಾಪ, ಕೂಸಿಗೆ ಎಷ್ಟು ಬಿಗೀತಿತ್ತೋ ಏನೋ. ಈಗ ನೋಡು, ಬೆಣ್ಣೆ ಹಂಗೆ ಹೋಗ್ತೈತೆ" ಅಂದರು. ನಿಜಕ್ಕೂ ಬೆಣ್ಣೆಯ ಹಾಗೆ ಹೋಯಿತು. ಒಂಚೂರೂ ಸದ್ದಿಲ್ಲ. ನನಗೂ ತಲೆ ಹಗುರಾದಂತಾಗಿ, ಸಂತೋಷದಿಂದಲೇ ಅವರಿಗೆ ಚಹಾ ಮಾಡಿಕೊಟ್ಟೆ.

ಪಲ್ಲವಿ ಅವತ್ತು ಗಾಡಿ ತಳ್ಳಿದಳು, ಬಗ್ಗಿ ಗಾಲಿ ನೋಡಿದಳು, ಇನ್ನೊಮ್ಮೆ ತಳ್ಳಿದಳು, ಕೂತುಬಿಟ್ಟಳು. ಮಾರನೆಯ ದಿನವೂ ಹಾಗೇ. ಆಮೇಲೆ ಗಾಡಿಯ ಹತ್ತಿರ ಹೋಗುವುದನ್ನೇ ಬಿಟ್ಟಳು. ಎತ್ತಿ ನಿಲ್ಲಿಸಿದರೆ ಕಾಲು ಮಡಚಿ ಕೂರುತ್ತಿದ್ದಳು. ತಿಂಗಳು ಕಳೆಯಿತು, ಹಾಗೇ ನಾಲ್ಕೈದು ಕಳೆದವು. ಅವಳಿಗಿಂತ ಚಿಕ್ಕದಾದ ಎದುರುಮನೆಯ ಮಗು ಚಪ್ಪಲಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಿತು.

ಮಗು ನಡೆಯದಿದ್ದರೆ ಊರಿನ ಬಾಯಿಗೆ ಕಾಲು ಬರುತ್ತದೆ. ಕಾಲಿಗೆ ಎಣ್ಣೆ ತಿಕ್ಕು ಅಂದರು, ತಿಕ್ಕಿದೆ. ಮರಳಿನ ಗುಂಡಿಯಲ್ಲಿ ಸೊಂಟದವರೆಗೆ ಹೂತು ನಿಲ್ಲಿಸು ಅಂದರು, ನಿಲ್ಲಿಸಿದೆ. ಅವಳು ಆ ಮರಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತ, ಆ ಸರಸರ ಕೇಳುತ್ತ ಸುಖವಾಗಿದ್ದಳು. ಡಾಕ್ಟರು ಕಾಲೆಲ್ಲ ಎಳೆದು ಬಗ್ಗಿಸಿ ನೋಡಿ, "ಏನೂ ತೊಂದರೆ ಕಾಣ್ತಿಲ್ಲಮ್ಮ, ಕೆಲವು ಮಕ್ಕಳು ತಡ" ಅಂದರು. ಕಾಣ್ತಿಲ್ಲ ಅನ್ನುವ ಮಾತೇ ನನ್ನನ್ನು ಕೊರೆಯತೊಡಗಿತು. ಕಾಣದಿರುವಂಥದ್ದು ಏನಾದರೂ ಇದ್ದರೆ? ಅವಳು ನಡೆಯದೆಯೇ ಉಳಿದರೆ? ಬಟ್ಟೆ ಒಗೆಯುವಾಗ, ಅಕ್ಕಿ ಆರಿಸುವಾಗ, ಬೇರೇನೂ ನನಗೆ ಹೊಳೆಯುತ್ತಿರಲಿಲ್ಲ.

ಅಷ್ಟರಲ್ಲಿ ಜಡೆಯಿಂದ ಮಂಜು ಅಂಗಡಿಗೆ ಫೋನು ಮಾಡಿದ. ಅವನ ಮಗ ಬಸು ಗೋಡೆ ಹಿಡಿದು ಎದ್ದು ನಿಂತಿದ್ದಾನೆ, ಗಾಡಿ ಬೇಕು. ಕೇಳುವಾಗ ಅವನ ದನಿಯಲ್ಲೇ ಸಂಕೋಚ ಇತ್ತಂತೆ. ಮಾವನವರು ಒಂದು ಕ್ಷಣವೂ ಯೋಚಿಸದೆ ಬರುವ ಭಾನುವಾರ ತರುತ್ತೇವೆ ಅಂದುಬಿಟ್ಟಿದ್ದರು. ನನಗೆ ರೇಗಿತು.

"ಇವಳು ಇನ್ನೂ ನಡೆದಿಲ್ಲ ಮಾವ. ಗಾಡಿ ಕಳಿಸಿದ್ರೆ ಇವಳು ಏನು ಹಿಡ್ಕೋಬೇಕು? ಇನ್ನೊಂದು ಗಾಡಿ ಮಾಡಿಸಿ. ಇಲ್ಲಾಂದ್ರೆ ಶಿವಮೊಗ್ಗದಿಂದ ಪ್ಲಾಸ್ಟಿಕ್ಕಿಂದು ತರಿಸಿ."

"ಹಿಡ್ಕೊಳ್ಳದ ಗಾಡಿ ಒಂದು ಐತೆ, ಇನ್ನೊಂದು ತಂದು ಎರಡನ್ನ ಬಿಡಿಸ್ಲೇನು?" ಅಂದರು ಮಾವನವರು. "ಆ ಕೂಸು ಎದ್ದು ನಿಂತೈತೆ. ಎದ್ದು ನಿಂತ ಕೂಸನ್ನ ಕುಂದ್ರಿಸಬಾರದು."

ಮಾತು ಸರಿಯೇ ಇತ್ತು. ಸರಿಯಾದ ಮಾತಿಗೆ ಬರುವಷ್ಟು ಸಿಟ್ಟು ತಪ್ಪು ಮಾತಿಗೂ ಬರುವುದಿಲ್ಲ. ಭಾನುವಾರದವರೆಗೆ ನಾನು ಅವರ ಹತ್ತಿರ ಮಾತು ಬಿಟ್ಟೆ. ರೊಟ್ಟಿ ಹಾಕುವಾಗ ಸ್ವಲ್ಪ ಮೇಲಿನಿಂದಲೇ ಹಾಕಿದೆ. ನಮ್ಮ ಯಜಮಾನರು ಅಪ್ಪನ ಕಡೆಗೂ ಹೆಂಡತಿಯ ಕಡೆಗೂ ಇರಲಾರದೆ ಅಂಗಡಿಯ ಕಡೆಗೆ ಇದ್ದುಬಿಟ್ಟರು. ಗಾಡಿ ನಮ್ಮ ವಂಶದ ಎಲ್ಲ ಮಕ್ಕಳನ್ನೂ ನಡೆಸಿ ಮುಂದೆ ಹೋಗಿತ್ತು. ನಡೆಯದ ಮಗುವಿನ ಮನೆಯಿಂದ ಅದು ಹೊರಟದ್ದನ್ನು ನಾನು ಕೇಳಿಯೇ ಇರಲಿಲ್ಲ.

ಭಾನುವಾರ ನಾನು, ಪಲ್ಲವಿ, ಮಾವನವರು, ಗಾಡಿ, ನಾಲ್ವರೂ ಬಸ್ಸು ಹತ್ತಿದೆವು. ಮಾವನವರ ಹೆಗಲಲ್ಲಿ ಒಂದು ಕೈಚೀಲ ಇತ್ತು. ಕೊಡಿ, ನಾನು ಇಟ್ಟುಕೊಳ್ಳುತ್ತೇನೆ ಅಂತ ಕೈಸನ್ನೆ ಮಾಡಿದರೂ ಕೊಡಲಿಲ್ಲ. ಕಂಡಕ್ಟರ್ ಬಂದು ಗಾಡಿಗೆ ಲಗೇಜು ಟಿಕೆಟ್ ಕೇಳಿದ.

"ಕೂಸಿಗೆ ಟಿಕೆಟ್ ಇಲ್ಲ ಅಂದ್ಮೇಲೆ ಕೂಸಿನ ಗಾಡಿಗೆ ಎಂಥ ಟಿಕೆಟ್ರೀ?" ಅಂದರು ಮಾವನವರು.

"ಹಂಗಾದ್ರೆ ಇಳಿದು ತಳ್ಕೊಂಡು ಬರ್ರಿ ಯಜಮಾನ್ರೆ, ಅದಕ್ಕೆ ಟಿಕೆಟ್ ಬೇಕಾಗಲ್ಲ" ಅಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಮಾತು ಬಿಟ್ಟಿದ್ದ ನಾನೂ ಸೆರಗು ಅಡ್ಡ ಹಿಡಿದು ನಕ್ಕೆ. ಶಿರಾಳಕೊಪ್ಪ ದಾಟುವವರೆಗೂ ವಾದ ನಡೆದು, ಗಾಡಿಯನ್ನು ಮಾವನವರ ತೊಡೆಯ ಮೇಲೆ ಇಟ್ಟುಕೊಂಡರೆ ಟಿಕೆಟ್ ಇಲ್ಲ ಎಂದು ರಾಜಿಯಾಯಿತು. ಬಿಳಿ ಪಂಚೆ, ಬಿಳಿ ಅಂಗಿ, ತೊಡೆಯ ಮೇಲೆ ಮೂರು ಗಾಲಿಯ ಗಾಡಿ ಅಪ್ಪಿಕೊಂಡು ಮಾವನವರು ಸೊರಬದವರೆಗೆ ಕೂತು ಬಂದರು.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಜಡೆಯ ಬಸ್ಸು ಕಾಯುತ್ತಿದ್ದಾಗ ಪಕ್ಕದ ಹೆಂಗಸೊಬ್ಬಳು ಪಲ್ಲವಿಯ ಗಲ್ಲ ಸವರಿ, "ಎಷ್ಟು ವಯಸ್ಸು? ನಡೀತಾಳಾ?" ಅಂದಳು. ಒಂದೂವರೆ ವರ್ಷ ಅಂದೆ, ಉಳಿದ ಪ್ರಶ್ನೆಗೆ ಪಲ್ಲವಿಯ ಫ್ರಾಕು ಎಳೆದು ಸರಿಮಾಡತೊಡಗಿದೆ.

"ನಡೀತಾಳವ್ವ" ಅಂದರು ಮಾವನವರು. "ಸದ್ಯಕ್ಕೆ ಕುಂತಾಳೆ."

ಅಷ್ಟು ಸಹಜವಾಗಿ ಅಂದರು. ನಾನು ಅವರ ಮುಖ ನೋಡಿದೆ. ಅವರು ಬಸ್ಸು ಬರುವ ದಾರಿ ನೋಡುತ್ತಿದ್ದರು, ಆದರೆ ಕೈ ಮಾತ್ರ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಇವರಿಗೂ ನನ್ನಷ್ಟೇ ಹೆದರಿಕೆ ಇದೆ ಎಂದು ನನಗೆ ತಿಳಿದದ್ದು ಆಗ.

ಜಡೆಯಲ್ಲಿ ಅವ್ವ ಬೀಗರಿಗೆ ಕಾಲಿಗೆ ನೀರು ಕೊಟ್ಟು, ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದಳು. ಬಸು ಗಾಡಿ ನೋಡಿದ್ದೇ ಕೈ ಚಾಚಿದ. ಪಲ್ಲವಿ ಮಾವನವರ ಮಡಿಲಲ್ಲಿ ಕೂತು ತನಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಅವರ ಅಂಗಿಯ ಗುಂಡಿ ತಿರುವುತ್ತಿದ್ದಳು. ಬಿಟ್ಟುಕೊಡುವ ಶಾಸ್ತ್ರದ ಮಾತನ್ನು ಯಾರೂ ಎತ್ತಲಿಲ್ಲ. ಅವ್ವ ಗಾಡಿಯನ್ನು ಅಂಗಳಕ್ಕೆ ಇಳಿಸಿ ಒಮ್ಮೆ ತಳ್ಳಿದವಳು ಅಲ್ಲೇ ನಿಂತಳು.

"ಎಂಥದೇ ಇದು? ಗಾಡಿಗೆ ದನಿಯೇ ಇಲ್ವಲ್ಲೇ ಮಾರಾಯ್ತಿ. ಯಾರು ಎಣ್ಣೆ ಹಾಕಿದ್ದು?"

ಮಾವನವರು ತಲೆ ಎತ್ತಿ ಜಗಲಿಯ ತೊಲೆ ನೋಡತೊಡಗಿದರು. ಸೊಸೆಯ ತವರಿನಲ್ಲಿ, ಬೀಗಿತಿಯ ಎದುರು, ತಪ್ಪಿತಸ್ಥರಾಗಿ ಕೂತ ಬಿಳಿ ಪಂಚೆಯ ಹಿರಿಯರು. ವಾರದಿಂದ ಅವರ ಮೇಲೆ ಹಲ್ಲು ಕಡಿಯುತ್ತಿದ್ದವಳು ನಾನು. ಆದರೂ ಬಾಯಿಂದ ಬಂದದ್ದು, "ನಾನೇ ಅವ್ವ, ತಲೆ ಚಿಟ್ಟು ಹಿಡೀತಿತ್ತು" ಅಂತ.

"ನಿನ್ನ ತಲೆ. ಸದ್ದಿಲ್ದಿದ್ರೆ ಮಗು ಬಾವಿ ಕಡೆ ಹೋಯ್ತೋ ಬಚ್ಚಲ ಕಡೆ ಹೋಯ್ತೋ ಒಳಗಿದ್ದೋರಿಗೆ ಹೆಂಗೆ ತಿಳೀಬೇಕು? ನಿಮ್ಮಜ್ಜ ಸುಮ್ನೆ ಮರದ ಅಚ್ಚು ಹಾಕ್ಸಿದ್ನಾ?" ಎಂದು ಅವ್ವ ಎಲ್ಲರ ಮುಂದೆ ನನಗೆ ಮಂಗಳಾರತಿ ಮಾಡಿದಳು. ಆ ಗಾಡಿಯ ಜೊತೆಗೇ ಬೆಳೆದವಳು ನಾನು. ಎಣ್ಣೆ ಹಾಕಬಾರದು ಎಂದು ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ಆ ಮನೆಯಲ್ಲಿ ಯಾರೂ ಹಾಕಿರಲಿಲ್ಲ. ಅವ್ವ ಒಲೆಯ ಬೂದಿ ತಂದು ಸುರಿದು, ಸೀಗೆಪುಡಿಗೆ ಬಿಸಿನೀರು ತರಲು ಒಳಗೆ ಹೋದಳು.

ಆಗ ಮಾವನವರು ಎದ್ದರು. ಪಲ್ಲವಿಯನ್ನು ನನ್ನ ಮಡಿಲಿಗೆ ಹಾಕಿ, ಪಂಚೆ ಎತ್ತಿ ಕಟ್ಟಿ, ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಾಲಿಗೆ ಬೂದಿ ಹಾಕಿ ತಿಕ್ಕತೊಡಗಿದರು.

"ಅಯ್ಯೋ, ಬಿಡಿ ಬೀಗ್ರೆ, ಎಂಥ ಮಾಡ್ತಿದೀರಿ ನೀವು?" ಎಂದು ಅವ್ವ ಚೊಂಬು ಹಿಡಿದುಕೊಂಡು ಓಡಿ ಬಂದಳು.

"ಇರ್ಲಿ ಬಿಡ್ರಿ ತಾಯಿ" ಅಂದರು ಅವರು, ತಲೆ ಎತ್ತದೆ. "ಹಚ್ಚಿದ ಕೈನೇ ತೆಗೀಬೇಕು."

ಅವ್ವ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು ನೀರು ಹೊಯ್ದಳು. ತೊಳೆದ ಗಾಡಿಯನ್ನು ಬಿಸಿಲಿಗೆ ಇಟ್ಟು ನಾವು ಊಟಕ್ಕೆ ಎದ್ದೆವು.

ಊಟವಾಗಿ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಗಾಡಿ ಒಣಗಿತ್ತು. ಮಂಜು ತನ್ನ ಮಗನನ್ನು ಅದರ ಹಿಂದೆ ನಿಲ್ಲಿಸಿದ. ಬಸು ಹಿಡಿ ಹಿಡಿದು ತಳ್ಳಿದ.

ಕಿರ್ರ್.

ನನ್ನ ಮಡಿಲಲ್ಲಿದ್ದ ಪಲ್ಲವಿ ಗಕ್ಕನೆ ನಿಂತಳು. ಮೈ ನಿಂತಿತು ಅನ್ನಬೇಕು, ಕೈ ಆಡುವುದು ನಿಂತಿತು, ಉಸಿರು ನಿಂತಿತು. ರಾಗಿ ಡಬ್ಬಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ. ಬಸು ಇನ್ನೊಮ್ಮೆ ತಳ್ಳಿದ. ಕಿರ್ರ್. ಪಲ್ಲವಿ ನನ್ನ ಮಡಿಲಿನಿಂದ ಜಾರಿದಳು, ಜಗಲಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದಳು, ಅಂಗಳಕ್ಕೆ ಕಾಲಿಟ್ಟು ಕೈ ಬಿಟ್ಟಳು.

ಹೊರಟಳು. ಎರಡೂ ಕೈ ಗಾಳಿಯಲ್ಲಿ, ಕಾಲು ಅಗಲ ಅಗಲ, ಹೊಟ್ಟೆ ಮುಂದೆ. ಕಾಲಿನ ಕಡೆ ಅವಳ ಲಕ್ಷ್ಯವೇ ಇರಲಿಲ್ಲ. ತಾನು ನಡೆಯುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಆ ಸದ್ದು, ಅದು ಅಲ್ಲಿತ್ತು, ಅವಳು ಇಲ್ಲಿದ್ದಳು, ನಡುವೆ ಅಂಗಳ ಇತ್ತು. ಅಷ್ಟೇ ತಾನೇ ನಡೆಯುವುದು ಅಂದರೆ? ನಾನು ಎದ್ದು ಹಿಡಿಯಲು ಹೋದೆ. ಮಾವನವರು ನನ್ನ ಸೆರಗು ಹಿಡಿದು ಎಳೆದು ಕೂರಿಸಿದರು. ಮಾವ ಸೊಸೆಯ ಸೆರಗು ಎಳೆಯುವುದು ಎಲ್ಲಿಯಾದರೂ ಉಂಟೇ? ಆ ಹೊತ್ತಿಗೆ ಇಬ್ಬರಿಗೂ ಅದು ತಿಳಿಯಲಿಲ್ಲ. ಆಕಾಶ ಕಳಚಿ ಅಂಗಳಕ್ಕೆ ಬಿದ್ದಿದ್ದರೂ ನಾನು ಆ ಕಾಲುಗಳಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಗಾಡಿಯ ಹತ್ತಿರ ಹೋಗಿ ನಿಂತಳು. ಕಿತ್ತುಕೊಳ್ಳುತ್ತಾಳೆ, ಬಸು ಅಳುತ್ತಾನೆ ಅಂದುಕೊಂಡು ಮಂಜು ಕೈ ಮುಂದೆ ಮಾಡಿದ. ಪಲ್ಲವಿ ಗಾಡಿಯನ್ನು ಮುಟ್ಟಲೂ ಇಲ್ಲ. ಬಗ್ಗಿ, ಗಾಲಿಯ ಪಕ್ಕಕ್ಕೆ ಕಿವಿ ಕೊಟ್ಟು, ಬಸುವಿನ ಮುಖ ನೋಡಿದಳು. ತಳ್ಳು ಅನ್ನುವ ಹಾಗೆ. ಅವನು ತಳ್ಳಿದ. ಅವಳು ನಕ್ಕಳು. ಅವನು ಮುಂದೆ, ಇವಳು ಗಾಲಿಯ ಪಕ್ಕದಲ್ಲಿ, ಅಂಗಳದ ಆ ತುದಿಯವರೆಗೆ ಇಬ್ಬರೂ ಹೋದರು.

"ಗಾಡಿ ಬಿಟ್ಟುಕೊಟ್ಟಾಯ್ತು" ಅಂದಳು ಅವ್ವ, ಮೆಲ್ಲಗೆ.

ನಾನು ಅಳುತ್ತಿದ್ದೆ. ಮಾವನವರು ಬೆಳಗಿನಿಂದ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಕೈಚೀಲದ ಬಾಯಿ ಬಿಚ್ಚಿದರು. ಒಳಗೆ ಮಂಡಕ್ಕಿ ಉಂಡೆ. ಶಿಕಾರಿಪುರದ ಪೇಟೆಯಲ್ಲಿ ದುಡ್ಡು ಕೊಟ್ಟು ಕೊಂಡ, ಕಾಗದ ಸುತ್ತಿದ, ಒಂದು ಚೀಲ ಮಂಡಕ್ಕಿ ಉಂಡೆ.

"ಮಾವ, ಇವಳು ನಡೀದೇ ಹೋಗಿದ್ರೆ ಇದನ್ನ ಏನು ಮಾಡ್ತಿದ್ರಿ?" ಅಂದೆ. ವಾರದ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದು.

"ಏನ್ ಮಾಡ್ಲಿ, ದಾರಿ ಉದ್ದಕ್ಕೂ ನಾನೇ ತಿನ್ಕೊಂಡು ಬರ್ತಿದ್ದೆ" ಅಂದರು. ಕಣ್ಣು ಒರೆಸಿಕೊಂಡ ಪಂಚೆಯ ತುದಿಯಲ್ಲಿ ಇನ್ನೂ ಬೂದಿ ಇದ್ದದ್ದರಿಂದ ಮುಖಕ್ಕೆಲ್ಲ ಬಳಿದುಕೊಂಡಿತು. ವಿಭೂತಿ ಹಚ್ಚಿಕೊಂಡ ಹಾಗೇ ಕಾಣುತ್ತಿದ್ದರು, ಅದಕ್ಕೆ ನಾವು ಯಾರೂ ಹೇಳಲು ಹೋಗಲಿಲ್ಲ.

ಶಿಕಾರಿಪುರಕ್ಕೆ ಬಂದ ಮೇಲೆ ಅವರು ಮನೆಯಲ್ಲಿ ಯಾವುದಕ್ಕೂ ಎಣ್ಣೆ ಹಾಕಲಿಲ್ಲ, ಯಾರಿಗೂ ಹಾಕಲು ಬಿಡಲಿಲ್ಲ. ಗೇಟು ಕಿರುಗುಟ್ಟಲು ಶುರುವಾದದ್ದು ಆಗ. ಪಲ್ಲವಿ ಅಂಗನವಾಡಿಯಿಂದ ಬಂದಾಗ ಗೇಟು ಕಿರ್ ಅನ್ನುತ್ತಿತ್ತು, ಮಾವನವರು ಕೂತಲ್ಲಿಂದಲೇ, "ಪಲ್ಲವಿ ಬಂದ್ಲು ನೋಡು. ನಡ್ಕೊಂಡೇ ಬಂದ್ಲು" ಅನ್ನುತ್ತಿದ್ದರು. ಅವಳು ಹೈಸ್ಕೂಲಿನಿಂದ ಬಂದರೂ ಅದೇ, ಕಾಲೇಜಿನಿಂದ ಬಂದರೂ ಅದೇ. "ಅಜ್ಜಾ, ಎಲ್ರೂ ನಡ್ಕೊಂಡೇ ಬರೋದು" ಎಂದು ಅವಳು ರೇಗುತ್ತಿದ್ದಳು. ಕಡೆಗಾಲಕ್ಕೆ ಅವರ ಕಣ್ಣು ಮಂಜಾಗಿ, ಮಂಚ ಹಿಡಿದಿದ್ದರು. ಎಷ್ಟೋ ಹೆಸರು ಮರೆತಿದ್ದರು, ಕೆಲವೊಮ್ಮೆ ನನ್ನದನ್ನೂ. ಆದರೆ ಗೇಟಿನ ಸದ್ದಿಗೆ ಮಾತ್ರ ಮುಖ ಅರಳುತ್ತಿತ್ತು. "ಬಂದ್ಲಾ? ನಡ್ಕೊಂಡೇ ಬಂದ್ಲಾ?" ಹೌದು ಮಾವ, ನಡ್ಕೊಂಡೇ ಬಂದ್ಲು ಅಂದರೆ, ಅಂಥ ಸುದ್ದಿಯನ್ನು ಈಗಷ್ಟೇ ಮೊದಲ ಸಲ ಕೇಳಿದವರ ಹಾಗೆ ತಲೆದೂಗುತ್ತಿದ್ದರು.

ಪಲ್ಲವಿ ಈಗ ಶಿವಮೊಗ್ಗದಲ್ಲಿ ಪಾಠ ಹೇಳುತ್ತಾಳೆ. ಗಾಡಿ ಸದ್ಯ ಕುಬಟೂರಿನಲ್ಲಿ, ದೊಡ್ಡಕ್ಕನ ಮೊಮ್ಮಗನ ಕೈಯಲ್ಲಿದೆ. ಮೊನ್ನೆ ಶನಿವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿದ್ದಾಗ ಗೇಟು ಕಿರ್ ಅಂತು, ಮೆಲ್ಲಗೆ, ಅವಳು ತೆಗೆಯುವ ರಾಗದಲ್ಲಿ.

"ಪಲ್ಲವಿ ಬಂದ್ಲು" ಅಂದೆ. "ನಡ್ಕೊಂಡೇ ಬಂದ್ಲು."

"ಮತ್ತೇನು ಹಾರ್ಕೊಂಡು ಬರ್ತಾಳೇನು?" ಅಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

ಹಾರಿಕೊಂಡು ಬಂದಿದ್ದರೆ ನನಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.